ಬೂದಿ ಇಲ್ಲದ ಒಲೆಯ ಮನೆ

ಬಾಗಲಕೋಟೆ, 1985

ಮುಳುಗಡೆ ಮನೆಗಳ ಪಟ್ಟಿ ಬರೆಯುವ ಅಧಿಕಾರಿಗಳೇ,

ನಿಮ್ಮ ಪಟ್ಟಿಯಲ್ಲಿ ನನ್ನ ಮನೆಯೆದುರು ‘ವಾಸವಿಲ್ಲ’ ಎಂದು ಬರೆದಿದ್ದೀರಿ. ಆದ್ದರಿಂದ ಹೊಸ ಊರಿನಲ್ಲಿ ನನಗೆ ನಿವೇಶನವೂ ಇಲ್ಲವಂತೆ. ಹಾಗಾದರೆ ಮೂವತ್ತೊಂದು ವರ್ಷ ಈ ಮನೆಯಿಂದ ಕನ್ಯಾ ಶಾಲೆಗೆ ಹೋಗಿ ಪಾಠ ಹೇಳಿ ಬಂದವಳು ಯಾರು, ದೆವ್ವವೇ? ಸರಕಾರ ದೆವ್ವಗಳಿಗೂ ಪಿಂಚಣಿ ಕೊಡುತ್ತದೆಯೇ?

ನಿಮ್ಮ ಗುಮಾಸ್ತರು ಬಂದಾಗ ನಾನು ಎದುರಿಗೇ ನಿಂತಿದ್ದೆ. ಅವರು ನೇರ ಅಡುಗೆಮನೆಗೆ ಹೋಗಿ ಒಲೆಯೊಳಗೆ ಕೈಯಾಡಿಸಿದರು.

‘ಬೂದಿನ ಇಲ್ಲಲ್ರಿ ಅಕ್ಕಾರ. ಊಟ ಎಲ್ಲಿ?’

‘ಬಾಜೂ ಮನ್ಯಾಗ, ರಂಜಾನಬಿ ಕೂಡ.’

‘ಹಂಗಾರ ಇಲ್ಲಿ ಯಾರೂ ಇಲ್ಲಂತ ಬರೀಬೇಕಾಗ್ತೈತಿ. ಒಲಿ ಹತ್ತಿದ್ರ ಕುಟುಂಬ. ಕಾಯ್ದೆ ಹಂಗ ಐತ್ರಿ.’

ಒಂಟಿ ಹೆಂಗಸು ತನ್ನೊಬ್ಬಳಿಗಾಗಿ ರೊಟ್ಟಿ ಬಡಿಯುವುದನ್ನು ನಿಮ್ಮ ಕಾಯ್ದೆ ಎಂದಾದರೂ ನೋಡಿದೆಯೇ? ಯಜಮಾನರು ತೀರಿದ ಮೇಲೆ ಒಂದು ವರ್ಷ ನಾನು ಬಡಿದೆ. ಒಂದು ರೊಟ್ಟಿಗೆ ಹಂಚು ಕಾಯಿಸಬೇಕು, ಗೋಡೆ ನೋಡುತ್ತ ತಿನ್ನಬೇಕು. ಎಷ್ಟೋ ದಿನ ಒಲೆ ಹಚ್ಚಲು ಮನಸ್ಸೇ ಬರಲಿಲ್ಲ. ಗೋಡೆಯಾಚೆ ರಂಜಾನಬಿಯೂ ವಿಧವೆ, ಅವಳೂ ಒಬ್ಬಳೇ. ಎರಡು ದಿನ ನನ್ನ ರೊಟ್ಟಿಯ ಸಪ್ಪಳ ಕೇಳಲಿಲ್ಲವೆಂದು ಗಾಬರಿಯಾಗಿ ಬಂದು ಬಾಗಿಲು ಬಡಿದಳು. ‘ಇಬ್ಬರಿಗೆ ಎರಡ ಒಲಿ ಯಾಕ್ರಿ ಅಕ್ಕಾರ? ನಾ ಬಡಿತೇನಿ, ನೀವು ಬೇಯಸ್ರಿ’ ಎಂದಳು. ಹನ್ನೊಂದು ವರ್ಷ ಹಾಗೇ ಅವಳ ಒಲೆಯ ಮುಂದೆ ಉಂಡೆವು. ಓಣಿಯಲ್ಲಿ ಕೆಲವರು ಮೂಗು ಮುರಿದರು. ಮೂಗು ಅವರದು, ನಮಗೇನು? ನನ್ನ ಒಲೆಯನ್ನು ಸಾರಿಸಿ, ಹಬ್ಬಕ್ಕೆ ರಂಗೋಲಿ ಎಳೆದು ಇಟ್ಟಿದ್ದೆ. ಆ ಅಚ್ಚುಕಟ್ಟುತನವೇ ನನಗೆ ಮುಳುವಾಯಿತು.

ಹೊಸ ಊರಿನಲ್ಲಿ ಜೋಡಿ ನಿವೇಶನ ಕೇಳೋಣ, ನಡುವೆ ಒಂದೇ ಗೋಡೆ ಇರಲಿ ಎಂದು ನಾವು ಮಾತಾಡಿಕೊಂಡಿದ್ದೆವು. ಪಟ್ಟಿಯಲ್ಲಿ ಅವಳು ಕುಟುಂಬವಾದಳು, ನಾನು ಏನೂ ಆಗಲಿಲ್ಲ. ‘ನೀವಿಲ್ಲದ ಊರಾಗ ನಾ ಒಬ್ಬಾಕಿ ಏನ್ ಮಾಡ್ಲಿ?’ ಎಂದು ಅತ್ತಳು. ಹೋದ ತಿಂಗಳು ಅವಳ ತಮ್ಮ ಚಮನಸಾಬ ಬಂದು ಅವಳನ್ನು ಇಳಕಲ್ಲಿಗೆ ಕರೆದುಕೊಂಡು ಹೋದ. ಅಣೆಕಟ್ಟಿನ ನೀರಿಗೆ ಊರು ಮುಳುಗಲು ಇನ್ನೂ ವರ್ಷಗಳಿವೆ ಎನ್ನುತ್ತೀರಿ. ನನ್ನ ಪಾಲಿಗೆ ಅದು ಆಗಲೇ ಮುಳುಗಿದೆ.

‘ವಾಸವಿಲ್ಲ’ ಎಂಬುದನ್ನು ಹೊಡೆದುಹಾಕಿ. ಒಂದೇ ಗೋಡೆಯ ಎರಡು ನಿವೇಶನ ಬರೆದು ಕೊಡಿ. ಆ ಕಾಗದ ಹಿಡಿದು ನಾನೇ ಇಳಕಲ್ಲಿಗೆ ಹೋಗಿ ಅವಳನ್ನು ಕರೆತರುತ್ತೇನೆ. ಪುರಾವೆ ಬೇಕಾದರೆ ಗುಮಾಸ್ತರನ್ನು ಇನ್ನೊಮ್ಮೆ ಕಳಿಸಿ. ಈಗ ದಿನಾ ನನ್ನ ಒಲೆ ನಾನೇ ಹಚ್ಚುತ್ತೇನೆ. ಬೂದಿ ತೆಗೆದಿಲ್ಲ, ಅವರಿಗಾಗಿ ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಕಾಯ್ದೆಯ ಪ್ರಕಾರ ಈಗಷ್ಟೇ ಕುಟುಂಬವಾಗಿರುವ ಒಬ್ಬಂಟಿ,
ಇಂದ್ರಾಬಾಯಿ, ನಿವೃತ್ತ ಶಿಕ್ಷಕಿ