ಹರಿಹರದ ಡಬ್ಬಿಯಲ್ಲಿ ಅಬ್ಬಾರ ದನಿ

ಹರಿಹರ
18 ಸೆಪ್ಟೆಂಬರ್ 2025

ಪ್ರೀತಿಯ ನೌಮಾನ್ ಭಾಯಿಗೆ ತಂಗಿ ಯಾಸ್ಮೀನಳ ಸಲಾಂ.

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನೆಲ್ಲ ಬೊಕ್ಕೆ ಎದ್ದಿವೆ ಅಂದಿದ್ದೆ, ಈಗ ಕಡಿಮೆಯಾಗಿವೆಯೇ? ಅಮ್ಮಿ ನನ್ನನ್ನು ದಿನಾ ಅದನ್ನೇ ಕೇಳುತ್ತಾರೆ. ಫಿರ್ದೌಸ್ ಭಾಬಿ ಚೆನ್ನಾಗಿದ್ದಾಳೆ. ದಿನ ತುಂಬಿವೆ, ಕಾಲು ಸ್ವಲ್ಪ ಬಾತಿವೆ, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಖಾರ ಮಂಡಕ್ಕಿ ಬೇಕೆಂದು ಅವಳು ಹಟ ಮಾಡಿದಾಗಲೆಲ್ಲ ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ತಾವೇ ಹೊರಡುತ್ತಾರೆ. ಅವರ ಕತ್ತಿನ ಗಾಯ ಮಾಗಿದೆ. ಉಸಿರಾಡಲು ಮಾಡಿದ ರಂಧ್ರದ ಮೇಲೆ ಅಮ್ಮಿ ಹೊಲಿದ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾರೆ. ದನಿಪೆಟ್ಟಿಗೆಯನ್ನೇ ತೆಗೆದಿರುವುದರಿಂದ ಪಿಸುಮಾತೂ ಬರುವುದಿಲ್ಲ. ಹೇಳಬೇಕಾದ್ದನ್ನು ಸಣ್ಣದೊಂದು ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಅವರ ವಿಷಯವಾಗಿಯೇ ಈ ಕಾಗದ. ನಿನಗೆ ಫೋನು ಸಿಗುವ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಇದು. ಮುಂಬಯಿ ಆಫೀಸಿಗೆ ಕಳಿಸಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಮುಟ್ಟಿಸುತ್ತಾರಂತೆ.

ರಜೆಗೆ ಬಂದಾಗ ನೀನು ನಡುಮನೆಯ ಶೆಲ್ಫಿನಲ್ಲಿ ಕೂರಿಸಿಹೋದ ಕರಿ ಡಬ್ಬಿಯನ್ನು, ನಮ್ಮ ಮನೆ ಸರ್ವರನ್ನು, ನಾನು ಬಹಳ ದಿನ ಮುಟ್ಟಿರಲಿಲ್ಲ. ಆಪರೇಶನ್ನಿಗೆ ಮೊದಲು ದಾವಣಗೆರೆಯ ನಮ್ಮ ಮೈಕ್ ಅಂಗಡಿಯಲ್ಲಿ ಅಬ್ಬಾರ ದನಿ ರೆಕಾರ್ಡ್ ಮಾಡಲು ಶುರುಮಾಡಿದೆವಲ್ಲ, ಆಗ ನೀನೇ ಫೋನಿನಲ್ಲಿ ಗದರಿಸಿದೆ: "ಒಂದೇ ಕಡೆ ಇಟ್ರೆ ಇಟ್ಟಂಗಲ್ಲ ಯಾಸ್ಮೀನ್. ದಿನಾ ಹರಿಹರಕ್ಕೂ ಒಂದು ಪ್ರತಿ ಹೋಗಂಗೆ ಮಾಡು." ನನಗೆ ಬರುತ್ತಿದ್ದುದು ಟೈಪಿಂಗ್ ಒಂದೇ. ನೀನು ಬರೆದು ಕಳಿಸಿದ ಸಾಲುಗಳನ್ನು ಅಕ್ಷರ ತಪ್ಪದಂತೆ ಹೊಡೆದೆ. ಅಂಗಡಿಯ ಕಂಪ್ಯೂಟರಿಗೆ ಮಾತ್ರ ನಮ್ಮ ಡಬ್ಬಿಯ ಬಾಗಿಲು ತೆರೆಯುವಂತೆ ಕೀಲಿ ಹಾಕಿದೆ. ಮೊದಲ ಸಲ ಅಂಗಡಿಯಲ್ಲಿದ್ದ ಹಳೆಯ ರೆಕಾರ್ಡುಗಳೂ ಸೇರಿ ಎಲ್ಲವೂ ಬರಬೇಕಿದ್ದುದರಿಂದ, ಕರೆಂಟು ಹೋದಾಗೆಲ್ಲ ನಿಂತು ನಿಂತು, ವಾರವೇ ಹಿಡಿಯಿತು. ಆಮೇಲೆ ಸಲೀಸಾಯಿತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಆ ದಿನ ಹೊಸದಾಗಿ ಸೇರಿದ್ದು, ಬದಲಾದದ್ದು ಅಷ್ಟೇ ಇಲ್ಲಿಗೆ ಬರುತ್ತಿತ್ತು. ಹಿಂದಿನ ಯಾವ ದಿನದ್ದು ಬೇಕೆಂದರೂ ಹಾಗೆಯೇ ಇರುತ್ತಿತ್ತು. ವಾಪಸ್ ತೆಗೆದು ಪರೀಕ್ಷೆ ಮಾಡು ಎಂದಿದ್ದೆಯಲ್ಲ, ಹಾಗೆ ಒಂದನ್ನು ತೆಗೆದು ಹಚ್ಚಿದೆ. "ಹರಿಹರದ ಮಹಾಜನತೆಯಲ್ಲಿ ವಿನಂತಿ" ಎಂದು ಅಬ್ಬಾರ ದನಿ ನಡುಮನೆಯಲ್ಲಿ ಎದ್ದಿತು. ಅಮ್ಮಿ ಸೆರಗು ಸರಿಮಾಡಿಕೊಳ್ಳುತ್ತ ಅಡುಗೆಮನೆಯಿಂದ ಓಡಿಬಂದರು. ಅಬ್ಬಾ ಆಗ ಆಸ್ಪತ್ರೆಯಲ್ಲಿದ್ದರು.

ನಿನಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ಆಗಸ್ಟ್ ತಿಂಗಳಲ್ಲಿ ಅಬ್ಬಾರನ್ನು ತಪಾಸಣೆಗೆ ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎಲ್ಲ ಸರಿಯಿದೆ ಅಂದ ಖುಷಿಯಲ್ಲಿ ಮಂಡಿಪೇಟೆಯ ಕಡೆ ನಡೆದು ಬರುತ್ತಿದ್ದೆವು. ಎದುರಿನಿಂದ ಮೈಕ್ ಕಟ್ಟಿದ ಆಟೋ ಬಂತು. ಸೀರೆ ಅಂಗಡಿಯೊಂದರ ರಿಯಾಯಿತಿ ಮಾರಾಟ, ಬನ್ನಿ, ನೋಡಿ, ಒಯ್ಯಿರಿ. ದನಿ ಅಬ್ಬಾರದು. ಮೂವತ್ತು ವರ್ಷ ಈ ಎರಡೂ ಊರು ಪ್ರಚಾರದ ಮೈಕಿನಲ್ಲಿ ಕೇಳಿದ ಅದೇ ಎಳೆತ, ಅದೇ ನಿಲುಗಡೆ. ಆ ಸೀರೆ ಅಂಗಡಿ ತೆರೆದಿದ್ದೇ ಅವರ ಮಾತು ನಿಂತ ಮೇಲೆ. ಅಬ್ಬಾ ಬೀದಿಯ ನಡುವೆಯೇ ನಿಂತುಬಿಟ್ಟರು. ಪರಿಚಯದವರೊಬ್ಬರು ಬೈಕ್ ನಿಲ್ಲಿಸಿ, "ಏನ್ರಿ ನಬೀ ಸಾಬ್ರೆ, ದನಿ ವಾಪಸ್ ಬಂತಲ್ರೀ!" ಎಂದು ಅವರ ಬೆನ್ನು ತಟ್ಟಿದರು. ಅಬ್ಬಾರ ಮುಖವನ್ನು ನಾನು ನೋಡಲಾರದೆ ಹೋದೆ.

ಸೀದಾ ನಮ್ಮ ಅಂಗಡಿಗೆ ಹೋದರು. ಅಬ್ಬಾ ಕೈಹಿಡಿದು ಕೆಲಸ ಕಲಿಸಿದ ಮಾಲತೇಶ್ ಒಬ್ಬನೇ ಕೂತಿದ್ದ. ಅವನೇ ಮಾಡಿದ್ದು. ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ತಿನ್ನಿಸಿದರೆ ಹೊಸ ಮಾತನ್ನೂ ಅದೇ ದನಿಯಲ್ಲಿ ಆಡುತ್ತದಂತೆ. "ಸಾಹೇಬ್ರ ದನಿ ಊರಾಗ ನಿಂತು ಹೋಗಬಾರ್ದು ಅಂತ ಮಾಡಿದ್ನ್ರಿ. ಕೆಟ್ಟ ಮನಸಿಂದ ಮಾಡಿಲ್ರಿ" ಎನ್ನುತ್ತ ಎದ್ದು ನಿಂತ. ಅವನು ಸುಳ್ಳು ಹೇಳುವವನಲ್ಲ, ಭಾಯಿ. ಅಬ್ಬಾ ಹಲಗೆಯ ಮೇಲೆ ಒಂದೇ ಸಾಲು ಬರೆದರು: "ಇದನ್ನ ನಾನು ಹೇಳಿಲ್ಲ." ಆಮೇಲೆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಹೆಸರಿನಲ್ಲಿದ್ದ ಎಲ್ಲವನ್ನೂ ಅಳಿಸಿದರು. ಹಳೆಯ ಪ್ರಚಾರ, ಹೊಳೆ ಏರಿದಾಗ ತಗ್ಗಿನ ಓಣಿಗಳಲ್ಲಿ ಕೂಗಿದ ಎಚ್ಚರಿಕೆ, ಕಡೆಗೆ ನಿನ್ನ ಹುಟ್ಟಲಿರುವ ಮಗುವಿಗೆಂದು ಮೇ ತಿಂಗಳಲ್ಲಿ ಕೂತು ಆಡಿದ ಮಾತೂ ಹೋಯಿತು. ನಾನು ಕೈ ಹಿಡಿದೆ. ಕೊಡವಿಕೊಂಡರು. ಹರಿಹರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವರು ಮನೆ ಮುಟ್ಟುವವರೆಗೂ ಇತ್ತ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ತೆರೆದೆ. ಅಬ್ಬಾ ಅಳಿಸಿದ ದಿನದ ಪ್ರತಿಯಲ್ಲಿ ಏನೂ ಇರಲಿಲ್ಲ. ಅಂಗಡಿಯಲ್ಲಿ ಅಳಿದದ್ದು ಇಲ್ಲಿಯೂ ಅಳಿದಿತ್ತು. ಅದರ ಹಿಂದಿನ ದಿನದ್ದನ್ನು ತೆರೆದೆ. ಎಲ್ಲವೂ ಇತ್ತು. ನಾನು ನೆಲದ ಮೇಲೆ ಕೂತು ಅತ್ತೆ. ಮೊದಲು ಬಂದ ಯೋಚನೆಯೆಂದರೆ, ಅಬ್ಬಾರಿಗೆ ತಿಳಿಸುವುದೇ ಬೇಡ, ನಮಗೆಂದು ಇಟ್ಟುಕೊಳ್ಳೋಣ ಎಂದು. ಅಮ್ಮಿ ಒಪ್ಪಲಿಲ್ಲ. "ದನಿ ಅವ್ರದು. ಅವ್ರಿಗೆ ಗೊತ್ತಿಲ್ದಂಗೆ ಇಟ್ಕಂಡ್ರೆ ಆ ಆಟೋದೋರಿಗೂ ನಮಗೂ ಏನು ಫರಕು? ಕೇಳು. ಬ್ಯಾಡ ಅಂದ್ರೆ ಬ್ಯಾಡ" ಅಂದರು. ನಮ್ಮ ಅಮ್ಮಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಹೇಳಿದೆ. ಅಬ್ಬಾ ಎದ್ದು ಹೊಳೆಯ ಕಡೆ ಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಬಂದವರೇ ಹಲಗೆ ತೆಗೆದುಕೊಂಡು, "ಏನೇನೈತೆ ಕೇಳ್ಸು" ಎಂದು ಬರೆದರು. ಅಂದಿನಿಂದ ದಿನಾ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಇಬ್ಬರೂ ಡಬ್ಬಿಯ ಮುಂದೆ ಕೂರುತ್ತಿದ್ದೆವು. ಒಂದೊಂದನ್ನೂ ಪೂರ್ತಿ ಕೇಳುತ್ತಿದ್ದರು, ತುಟಿ ಜೊತೆಗೇ ಅಲುಗುತ್ತಿತ್ತು. ಸಿನಿಮಾ, ಸರ್ಕಸ್ಸು, ಸೀರೆಗಳ ಪ್ರಚಾರವನ್ನೆಲ್ಲ ತೆಗೆದುಬಿಡು ಎಂದು ಬರೆದರು. ಒಂದು ಕಡೆ ಅಳಿಸಿದರೆ ಹಿಂದಿನ ದಿನಗಳ ಪ್ರತಿಗಳಲ್ಲಿ ಉಳಿದೇ ಇರುತ್ತದಲ್ಲ, ಅವನ್ನೂ ಹುಡುಕಿ ತೆಗೆದೆ. ಕೊನೆಯ ಗುಂಡಿಯನ್ನು ಅವರೇ ಒತ್ತಿದರು. ಹೊಳೆಯ ಎಚ್ಚರಿಕೆಯನ್ನು ಉಳಿಸಿಕೊಂಡರು. ಕೊನೆಗೆ ಮಗುವಿನದು ಬಂತು. "ನಿಮ್ಮಪ್ಪ ಸಣ್ಣಾಗಿದ್ದಾಗ ಮೈಕ್ ಹಿಡ್ಕಂಡೇ ಮಲಗ್ತಿದ್ದ ಕಣೋ, ಬಿಡಿಸಿದ್ರೆ ಊರೆಲ್ಲ ಕೇಳಂಗೆ ಅಳ್ತಿದ್ದ" ಎಂದು ನಗುವ ಆ ನಗು ಇದೆಯಲ್ಲ, ಅಲ್ಲಿ ಅಬ್ಬಾ ಕಣ್ಣು ಮುಚ್ಚಿಕೊಂಡರು. ಆಮೇಲೆ ಬರೆದರು: "ಇದು ನಾನು ಹೇಳಿದ್ದು. ಇರ್ಲಿ."

ಮಾಲತೇಶನನ್ನು ತಾವೇ ಕರೆಸಿಕೊಂಡರು. ಈಗ ಅವನು ತನ್ನ ಸ್ವಂತ ದನಿಯಲ್ಲೇ ಪ್ರಚಾರ ಮಾಡುತ್ತಾನೆ. ಅಬ್ಬಾ ಎದುರು ಕೂತು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾರೆ. ಚೆನ್ನಾಗಿ ಬಂದಾಗ ಅವರ ಮುಖ ನೋಡಬೇಕು ನೀನು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಅಲ್ಲಾಹ್ ನಿನ್ನನ್ನು ನೀರಿನ ಮೇಲೆ ಸುರಕ್ಷಿತವಾಗಿ ಇಟ್ಟಿರಲಿ ಎಂದು ಅಮ್ಮಿ ಐದು ಹೊತ್ತೂ ಕೇಳಿಕೊಳ್ಳುತ್ತಾರೆ. ಅಬ್ಬಾರ ದುವಾ, ಭಾಬಿಯ ಸಲಾಂ ಸೇರಿಸಿದ್ದೇನೆ.

ನಿನ್ನ
ಯಾಸ್ಮೀನ್

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲೇ ಭಾಬಿಗೆ ನೋವು ಬಂತು. ಇಂದು ಬೆಳಿಗ್ಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ಆಫೀಸಿನವರು ನಿನಗೆ ಸುದ್ದಿ ಮುಟ್ಟಿಸಿರುತ್ತಾರೆ, ಆದರೆ ಇದನ್ನು ನಾನೇ ಬರೆಯಬೇಕು. ಅಮ್ಮಿಯ ಅಣ್ಣ ಮಕ್ತುಮ್ ಸಾಬ್ ಮಾಮು ಮಗುವಿನ ಬಲಗಿವಿಯಲ್ಲಿ ಮೊದಲ ಮಾತಾಗಿ ಅಜಾನ್ ಹೇಳಿದರು. ಮುಗಿದ ಮೇಲೆ ಅಬ್ಬಾ ಕೈ ಚಾಚಿ ಮಗುವನ್ನು ಎತ್ತಿಕೊಂಡರು. ಮಗುವಿಗೆಂದು ನೀವು ಆಡಿದ ರೆಕಾರ್ಡಿಂಗ್ ಫೋನಿನಲ್ಲಿದೆ, ಹಚ್ಚಲೇ ಎಂದೆ. ಬೇಡವೆಂದು ತಲೆಯಾಡಿಸಿದರು. ಅದೇ ಕಿವಿಗೆ ತುಟಿ ಹಚ್ಚಿ, ಸದ್ದಿಲ್ಲದೆ, ಇಡೀ ಅಜಾನ್ ಹೇಳಿದರು. ತುಟಿ ನೋಡುತ್ತಿದ್ದ ನಮಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಎಡಗಿವಿಯಲ್ಲಿ ಹೇಳುವ ಎರಡನೆಯ ಕರೆ ಇಕಾಮತ್‌ಗೆ ಮಾಮು ಬಗ್ಗಿದಾಗ ಅಬ್ಬಾ ತಡೆದು ಹಲಗೆ ತೆಗೆದುಕೊಂಡರು: "ಇದು ನೌಮಾನ್ ಹೇಳ್ಲಿ. ರೆಕಾರ್ಡ್ ಮಾಡಿ ಕಳಿಸೋದು ಬ್ಯಾಡ, ಫೋನಿನಾಗ ತಾನೇ ಹೇಳ್ಲಿ." ಬಂದರು ಮುಟ್ಟಿದ ಕೂಡಲೇ ಫೋನು ಮಾಡು.