ಹೊಲಿಗೆ ಡಬ್ಬಿಯಲ್ಲಿಟ್ಟ ಕೈಗಡಿಯಾರ

ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಮಗಳಿಗೆ,

ಆಶೀರ್ವಾದ. ನೀನು ಮುನಿಸಿಕೊಂಡು ಹಾಸ್ಟೆಲ್ ಸೇರಿ ನಾಲ್ಕು ತಿಂಗಳಾಯಿತು. ಆದರೂ ಮೊದಲು ಬರೆಯುತ್ತಿರುವವಳು ನಾನು. ಇದು ನೆನಪಿರಲಿ.

ನಾನು ಕಟ್ಟಿಕೊಳ್ಳುವ ನಿನ್ನಪ್ಪನ ಕೈಗಡಿಯಾರದ ಪಟ್ಟಿ ಕಿತ್ತುಹೋಯಿತು. ಉಳಿದ ಅಂಗಡಿಗಳೆಲ್ಲ ದೂರ, ಹಾಗಾಗಿ ನಿನ್ನ ಗಡಿಯಾರದವನ ಹತ್ತಿರವೇ ಹೋದೆ. ಅದೇ, ನಿನ್ನನ್ನು ಕೇಳಲು ಒಂದು ಭಾನುವಾರ ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ, ಈ ಗಡಿಯಾರದ ಪ್ರಕಾರ ಇಪ್ಪತ್ತು ನಿಮಿಷ ತಡವಾಗಿ ಬಂದವನು. ಗಡಿಯಾರ ರಿಪೇರಿ ಮಾಡುವವನಿಗೇ ಹೊತ್ತು ಗೊತ್ತಿಲ್ಲದಿದ್ದರೆ ಹೆಣ್ಣು ಹೇಗೆ ಕೊಡಲಿ ಎಂದು ಬಾಗಿಲಲ್ಲೇ ಕೇಳಿ ಕಳಿಸಿದ್ದೆ.

ಪಟ್ಟಿ ಮಾತ್ರ ಹಾಕು, ಒಳಗೆ ಕೈ ಹಾಕಬೇಡ ಎಂದೆ. ಅವನು ಕಿವಿಗಿಟ್ಟುಕೊಂಡು, "ಅಮ್ಮಾ, ಇದು ನಡೀತಾ ಇಲ್ಲ, ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಾ ಇದೆ" ಎಂದ. ಹಾಗಾದರೆ ಒಂದೊಂದರ ಹೆಸರು ಹೇಳಿ ತೋರಿಸು, ನನಗೆ ತಿಳಿಯದ್ದನ್ನು ಮುಟ್ಟಗೊಡುವುದಿಲ್ಲ ಎಂದೆ. ಬ್ಲೌಸಿನ ಅಳತೆ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡೆ. ಕೀ ಕೊಟ್ಟಾಗ ಬಿಗಿಯಾಗಿ ಸುತ್ತಿಕೊಳ್ಳುವುದು ಮೇನ್‌ಸ್ಪ್ರಿಂಗ್. ಅತ್ತಿತ್ತ ತೂಗುವ ಚಕ್ರ ಬ್ಯಾಲೆನ್ಸ್. ಅದು ಹದ ತಪ್ಪದಂತೆ ಹಿಡಿದಿರುವ, ಕೂದಲಿನಂಥ ಸುರುಳಿ ಹೇರ್‌ಸ್ಪ್ರಿಂಗ್. "ಮನೇಲಿ ನೀವಿದ್ದ ಹಾಗೆ" ಎಂದ. ಹೊಗಳಿದನೋ ಇಲ್ಲವೋ, ಇನ್ನೂ ಯೋಚಿಸುತ್ತಿದ್ದೇನೆ.

ಆಮೇಲೆ ದಿಕ್ಸೂಚಿ ತಂದು ಹತ್ತಿರ ಹಿಡಿದ. ಅದರ ಮುಳ್ಳು ಗಿರ್ರನೆ ತಿರುಗಿತು. ಹೇರ್‌ಸ್ಪ್ರಿಂಗಿಗೆ ಆಯಸ್ಕಾಂತದ ಗುಣ ಹಿಡಿದಿದೆಯಂತೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಗಡಿಯಾರ ಮುಂದೆ ಓಡುತ್ತದಂತೆ. "ಕಳಚಿ ಎಲ್ಲಿಡ್ತೀರಮ್ಮ?" ಎಂದು ಕೇಳಿದ. ಹೊಲಿಗೆ ಡಬ್ಬಿಯಲ್ಲಿ, ಗುಂಡುಸೂಜಿ ಎತ್ತುವ ಆಯಸ್ಕಾಂತದ ಪಕ್ಕದಲ್ಲಿ. ನಾನು ಕೆಮ್ಮಿದೆ.

ಆಯಸ್ಕಾಂತದ ಗುಣ ತೆಗೆಯುವ ಒಂದು ಪುಟ್ಟ ಯಂತ್ರದ ಮೇಲೆ ಆಡಿಸಿ ಕ್ಷಣದಲ್ಲಿ ಸರಿಮಾಡಿದ. ವಾರಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಮುಂದೆ ಹೋಗುತ್ತಿತ್ತಂತೆ. ಅವತ್ತೇ ಏಕೆ ಬಾಯಿ ಬಿಡಲಿಲ್ಲ ಎಂದು ಗದರಿದೆ. "ಹೆಣ್ಣು ಕೇಳೋಕೆ ಬಂದೋನು ನಿಮ್ಮ ಗಡಿಯಾರ ಸರಿಯಿಲ್ಲ ಅಂದಿದ್ರೆ ಕೊಡ್ತಿದ್ರಾ?" ಎಂದ.

ಕೊಡುತ್ತಿರಲಿಲ್ಲ.

ಬರುವ ಭಾನುವಾರ ಹತ್ತು ಗಂಟೆಗೆ ಬರಹೇಳಿದ್ದೇನೆ. ನೀನು ಒಂಬತ್ತಕ್ಕೇ ಬಾ. ಅವನು ಒಂದು ನಿಮಿಷ ತಡಮಾಡಿದರೂ ಮತ್ತೆ ಬಾಗಿಲು ಹಾಕುವವಳೇ ನಾನು.

ಇಂತಿ,
ಸೋಲದ ನಿನ್ನ ಅಮ್ಮ

ಬರೆಯಲು ಮರೆತದ್ದು: ಪ್ರತಿ ಸೋಮವಾರ ಮಾರುಕಟ್ಟೆ ಗೋಪುರದ ಗಡಿಯಾರ ನೋಡಿ ನಾನು ಈ ಕೈಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ. ಅವನು ಮೊದಲು ಬಂದ ಆ ಭಾನುವಾರ ಬಾಗಿಲು ತಟ್ಟಿದಾಗ ಗೋಪುರ ಹತ್ತು ಹೊಡೆದದ್ದೂ ಕೇಳಿಸಿತ್ತು. ನೀನು ಇನ್ನೊಂದಿಷ್ಟು ದಿನ ನನ್ನ ಜೊತೆ ಇರಬೇಕೆಂದಿತ್ತು, ಅಷ್ಟೆ. ಹಾಸ್ಟೆಲ್ಲಿಗೆ ಹೋಗುತ್ತೀಯೆಂದು ಎಣಿಸಿರಲಿಲ್ಲ. ಅವನಿಗೆ ಹೇಳಬೇಡ.