ಐದು ಚೌಕದ ಸುಡೊಕುವಿನಲ್ಲಿ ಒಂದು ಆರು

ಅಕ್ಕಾ,

ಕಳೆದ ಆಷಾಢದ ಮೊದಲ ಭಾನುವಾರ ನಾವಿಬ್ಬರೂ ತರಿಸುತ್ತಿದ್ದ ಪತ್ರಿಕೆ ನಿನಗೆ ಅನ್ಯಾಯ ಮಾಡಿತು. ಐದು ಚೌಕಗಳನ್ನು ಮೂಲೆಗೆ ಮೂಲೆ ಕೂಡಿಸಿದ ದೊಡ್ಡ ಸುಡೊಕುವಿನಲ್ಲಿ, ಅವರೇ ಮೊದಲೇ ತುಂಬಿಕೊಡುವ ಅಂಕಿಗಳಲ್ಲಿ ಒಂದನ್ನು ತಪ್ಪಾಗಿ ಅಚ್ಚು ಹಾಕಿತು. ಒಂಬತ್ತು ಇರಬೇಕಾದಲ್ಲಿ ಆರು. ನನಗೆ ಇದು ಗೊತ್ತಾದದ್ದು ನೀನು ಹೋಗಿ ಐದು ತಿಂಗಳಾದ ಮೇಲೆ.

ನೆನಪಿದೆಯಾ, ನಮ್ಮ ಹಂಚಿಕೆ? ಅಜ್ಜಂಪುರದಲ್ಲಿ ನಿನಗೆ ಮೇಲಿನ ಎರಡು ಚೌಕ, ಕಡೂರಿನಲ್ಲಿ ನನಗೆ ಕೆಳಗಿನ ಎರಡು. ಸಂಜೆ ಫೋನಿನಲ್ಲಿ ನೀನು ನಿನ್ನ ಮೂಲೆಗಳ ಅಂಕಿ ಓದುತ್ತಿದ್ದೆ, ನಾನು ಅವನ್ನು ಸೇರಿಸಿ ನಡುವಿನ ಚೌಕ ತುಂಬುತ್ತಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾಗಿ ಎಷ್ಟು ವರ್ಷವಾದರೂ ಆ ಹೊತ್ತಿಗೆ ನಿನ್ನ ದನಿ ಡ್ಯೂಟಿಗೆ ಮರಳಿಬಿಡುತ್ತಿತ್ತು. "ಬರ್ಕೊಂಡ್ಯೇನೋ? ತಿರುಗಿ ಹೇಳು."

ಆ ಭಾನುವಾರ ನಡುವಿನ ಚೌಕದ ಒಂದೇ ಸಾಲಿನಲ್ಲಿ ನಾಲ್ಕು ಎಂಬ ಅಂಕಿ ಎರಡು ಸಲ ಬಂತು.

"ಅಕ್ಕ, ತಪ್ಪು ಹೇಳಿದೀಯ."

"ಇಲ್ಲ ಕಣೋ, ಮೂರು ಸಲ ನೋಡಿದೀನಿ. ನಿಂದೇ ಏನೋ ಎಡವಟ್ಟಾಗಿರುತ್ತೆ."

"ನಂದು ಸರಿ ಇದೆ. ನಿಂಗೆ ಅರಳುಮರಳು ಶುರುವಾಯ್ತು, ಅಷ್ಟೆ."

ತಮಾಷೆಗೆ ಆಡಿದ ಮಾತು. ನೀನು ನಗಲಿಲ್ಲ. ಆಗಲೇ ನಾನು...

ನನ್ನ ಆ ಮಾತಿನ ಅನುಮಾನ ಹೊತ್ತು ತರೀಕೆರೆಯ ಡಾಕ್ಟರ ಹತ್ತಿರ ಹೋಗಿ ಬಂದ ದಿನ ನೀನೇ ಫೋನ್ ಮಾಡಿದೆ. "ನೂರರಿಂದ ಏಳೇಳು ಕಳೀರಿ ಅಂದ್ರು ಕಣೋ. ಎರಡಕ್ಕೆ ಬಂದು ನಿಲ್ಲಿಸ್ದೆ. ಚೆನ್ನಾಗಿದೀರಿ ಅಂದ್ರು." ಆದರೂ ನಿನಗೆ ನಿನ್ನ ಮೇಲೆ ನಂಬಿಕೆ ಮರಳಲಿಲ್ಲ. ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದೆಯಂತೆ. ಪತ್ರಿಕೆ ತರಿಸುವುದನ್ನೇ ನೀನು ನಿಲ್ಲಿಸಿದೆ. ಕಾರ್ತಿಕದಲ್ಲಿ ಹೃದಯ ನಿಂತ ದಿನದವರೆಗೂ ಪೆನ್ಸಿಲ್ ಮುಟ್ಟಲಿಲ್ಲ.

ಮೊನ್ನೆ ನಿನ್ನ ಹಾಸಿಗೆಯ ಕೆಳಗೆ ಆ ಭಾನುವಾರದ ಹಾಳೆ ಸಿಕ್ಕಿತು. ರಬ್ಬರಿನಿಂದ ಉಜ್ಜಿ ಉಜ್ಜಿ ಒಂದು ಮೂಲೆ ತೂತಾಗಿದೆ. ಕಡೂರಿನ ಗ್ರಂಥಾಲಯಕ್ಕೆ ಒಯ್ದು, ಅದರ ಮರುವಾರದ ಪತ್ರಿಕೆಯಲ್ಲಿ ಬಂದಿದ್ದ ಉತ್ತರದ ಪಕ್ಕದಲ್ಲಿಟ್ಟೆ. ನೀನು ಬರೆದದ್ದನ್ನಲ್ಲ, ಅವರು ಕೊಟ್ಟದ್ದನ್ನು ಹೋಲಿಸಿದೆ. ಕೊಟ್ಟ ಅಂಕಿಯನ್ನು ಯಾರು ಅನುಮಾನಿಸುತ್ತಾರೆ? ನಿನ್ನ ಪಾಲಿನ ಚೌಕದಲ್ಲಿದ್ದ ಆ ಆರನ್ನು ನಂಬಿದ್ದರಿಂದಲೇ ನಿನ್ನ ಲೆಕ್ಕ ಕೆಟ್ಟಿತ್ತು. ಉತ್ತರ ಬಂದ ವಾರವೇ ನಾನು ಇಷ್ಟು ಮಾಡಿದ್ದರೆ... ಏಕೆ ಮಾಡಲಿಲ್ಲ? ತಪ್ಪು ನಿನ್ನದೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. "ಸುಡೊಕುಗೆಲ್ಲ ತಿದ್ದುಪಡಿ ಹಾಕಲ್ಲ ಸಾರ್. ಟೈಮ್‌ಪಾಸ್ ತಾನೇ?" ಎಂದರು. ಒಮ್ಮೆ ಮಂತ್ರಿಯ ಫೋಟೊದ ಕೆಳಗೆ ಬೇರೊಬ್ಬರ ಹೆಸರು ಬಂದಾಗ ಮಾರನೆಯ ದಿನವೇ ಮುಖಪುಟದಲ್ಲಿ ವಿಷಾದಿಸಿದವರು ಇವರೇ. ನಾನು ಮರೆತಿಲ್ಲ.

ಅಕ್ಕಾ, ನಿನ್ನ ತಲೆ ಸರಿಯಾಗಿಯೇ ಇತ್ತು, ಕೊನೆಯವರೆಗೂ. ಅರಳುಮರಳು ಎಂದದ್ದು ನನ್ನ ತಪ್ಪು. ಅದನ್ನು ನನ್ನ ಹೆಸರು ಹಾಕಿಯೇ ಒಪ್ಪಿಕೊಂಡು, ಎರಡೂ ಹಾಳೆಗಳ ಜೆರಾಕ್ಸ್ ಜೊತೆಗೆ ಈ ಪತ್ರವನ್ನೇ ಸಂಪಾದಕರಿಗೆ ಕಳಿಸುತ್ತಿದ್ದೇನೆ. ಅವರು ನನಗೆ ಉತ್ತರ ಬರೆಯುವುದು ಬೇಡ. ಬರುವ ಭಾನುವಾರ, ಅದೇ ಪುಟದಲ್ಲಿ, ಸುಡೊಕುವಿನ ಪಕ್ಕದಲ್ಲೇ, ಎಲ್ಲರೂ ಓದುವಂತೆ ಹೇಳಲಿ: ಆ ಆರು ಯಾರದು?